ಬೇರಿನ ಗಂಟಿನೊಳಗಿನ ವ್ಯವಹಾರ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಮನೆಮಾತು ಉರ್ದು. ಓದುವುದು ಬೀದರ್‌ನಲ್ಲಿ, ರಜೆ ಬಂದರೆ ಔರಾದ್ ತಾಲ್ಲೂಕಿನಲ್ಲಿರುವ ಮಾಮುವಿನ ಮನೆ. ಮುಂಗಾರಿನಲ್ಲಿ ಭಾಲ್ಕಿ ದಾಟಿದರೆ ಎತ್ತ ನೋಡಿದರೂ ಸೋಯಾಬೀನ್, ಉದ್ದು, ಹೆಸರು, ತೊಗರಿ.

ಈ ವರ್ಷ ಮಾಮು ಸಾಲ ಮಾಡಿ ಗೇಣಿಗೆ ಹೊಲ ಹಿಡಿದಿದ್ದಾರೆ. ಖರ್ಚಿನ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂತು. ಗೊಬ್ಬರದ ಸಾಲು ಬರೆಯುವಾಗ ಒಂದು ಪ್ರಶ್ನೆ ಹುಟ್ಟಿತು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇರುವಾಗ ಅದನ್ನು ಚೀಲದಲ್ಲಿ ಕೊಳ್ಳುವುದೇಕೆ?

ಜೀವಶಾಸ್ತ್ರ ಓದುವ ಗೆಳತಿಯ ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಗಾಳಿಯ ಸಾರಜನಕವನ್ನು ಗಿಡ ನೇರವಾಗಿ ಬಳಸಲಾರದು. ಸೋಯಾಬೀನ್ ಬೇರು ಫ್ಲೇವನಾಯ್ಡ್ ಎಂಬ ಅಣುಗಳನ್ನು ಮಣ್ಣಿಗೆ ಬಿಡುತ್ತದೆ. ಅದು ಒಂದು ಕರೆ ಇದ್ದಂತೆ. ಮಣ್ಣಿನಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಅದನ್ನು ಗುರುತಿಸಿ 'ನಾಡ್ ಫ್ಯಾಕ್ಟರ್' ಎಂಬ ಅಣುವಿನಿಂದ ಉತ್ತರಿಸುತ್ತದೆ. ಉತ್ತರ ಹೊಂದಿದರೆ ಮಾತ್ರ ಬೇರಿನ ರೋಮ ಸುರುಳಿಯಾಗಿ ಅದನ್ನು ಒಳಗೆ ಬಿಟ್ಟುಕೊಂಡು ಗಂಟು ಕಟ್ಟುತ್ತದೆ. ಕಡಲೆಗೆ ಹೊಂದುವ ಬ್ಯಾಕ್ಟೀರಿಯಾ ಬೇರೆ, ಸೋಯಾಬೀನ್‌ಗೆ ಬೇರೆ. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುವ ನಮಗೆ ಇದು ಬೇಗ ಅರ್ಥವಾಗುತ್ತದೆ: ಭಾಷೆ ತಿಳಿದರೆ ಬಾಗಿಲು ತೆರೆಯುತ್ತದೆ.

ಒಳಗೆ ನಡೆಯುವುದು ಶುದ್ಧ ವಿನಿಮಯ. ಗಿಡ ಆಹಾರ ಕೊಡುತ್ತದೆ, ಬ್ಯಾಕ್ಟೀರಿಯಾ ಅಮೋನಿಯ ಕೊಡುತ್ತದೆ. ಈ ಕೆಲಸ ಮಾಡುವ ಪುಟ್ಟ ಯಂತ್ರ ನೈಟ್ರೋಜಿನೇಸ್ ಎಂಬ ಕಿಣ್ವ. ಆಮ್ಲಜನಕ ತಗುಲಿದರೆ ಅದು ಕೆಡುತ್ತದೆ. ಅದನ್ನು ಕಾಯಲು ನಮ್ಮ ರಕ್ತದ ಹಿಮೋಗ್ಲೋಬಿನ್‌ನಂಥದೇ ಲೆಗ್‌ಹಿಮೋಗ್ಲೋಬಿನ್ ಗಂಟಿನಲ್ಲಿದೆ. ಗಂಟಿನ ಒಳಗೆ ಗುಲಾಬಿ ಬಣ್ಣ ಬರುವುದು ಅದರಿಂದಲೇ.

ಇನ್ನೊಂದು ಸಂಗತಿ ಲೆಕ್ಕ ಬರೆಯುವವರಿಗೆ ಮುಖ್ಯ. ಮಣ್ಣಿಗೆ ಯೂರಿಯಾ ಹೆಚ್ಚು ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಪುಕ್ಕಟೆ ಬರುವ ಸರಕು ನಿಂತು, ಕೊಂಡ ಸರಕಿನ ಬಿಲ್ಲು ಉಳಿಯುತ್ತದೆ.

ಇದನ್ನು ಮಾಮುವಿಗೆ ಉರ್ದುವಿನಲ್ಲಿ ಹೇಳಿದೆ. ಬಿತ್ತುವ ಮೊದಲು ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿದೆವು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲಗೆ ಅಗೆದು ಗಂಟನ್ನು ಉಗುರಿನಿಂದ ಸೀಳಿದೆ. ಒಳಗೆ ಗುಲಾಬಿ ಬಣ್ಣವಿತ್ತು. ಮಾಮು ಸುಮ್ಮನೆ ನೋಡಿ, "ಯೂರಿಯಾ ಈಗ ಬೇಡ" ಎಂದರು.

ಮಳೆ, ಧಾರಣೆ ನಮ್ಮ ಕೈಯಲ್ಲಿಲ್ಲ. ರಾಶಿ ಆಗುವವರೆಗೆ ಲಾಭ ನಷ್ಟ ತಿಳಿಯದು. ಆದರೆ ಖರ್ಚಿನ ಪುಟದಲ್ಲಿ ಈ ಸಲ ಒಂದು ಸಾಲು ಖಾಲಿ ಇದೆ.