ಅಜ್ಜ, ಮೊಮ್ಮಗ ಮತ್ತು ಬ್ಲ್ಯಾಕ್ ಸಬಾತ್

ಹೆವಿ ಮೆಟಲ್ ಎಂದರೆ ನಮ್ಮ ಕಡೆಯವರಿಗೆ ಸಂಗೀತ ನೆನಪಾಗುವುದಿಲ್ಲ, ಭದ್ರಾವತಿ ನೆನಪಾಗುತ್ತದೆ. ನಮ್ಮಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾದ ಮೇಲೆ ವಿದ್ಯಾನಗರದ ನಮ್ಮ ಮನೆಗೆ ಬಂದವರು. ಸದ್ದು ಅವರಿಗೆ ಹೊಸದಲ್ಲ. ಆದರೂ 2013ರ ಜೂನ್‌ನಲ್ಲಿ ಮೊಮ್ಮಗನ ಕೋಣೆಯಿಂದ ಬಂದ ಸದ್ದು ಕೇಳಿ, 'ಮಿಕ್ಸಿ ಕೆಟ್ಟಿದೆಯೇನೋ?' ಎಂದು ಕೇಳಿದರು.

ಅದು ಬ್ಲ್ಯಾಕ್ ಸಬಾತ್ ತಂಡದ 'ಥರ್ಟೀನ್' ಆಲ್ಬಂ. ಹಾಡುಗಾರ ಆಝಿ ಆಸ್ಬರ್ನ್ 1978ರ ನಂತರ ಈ ತಂಡದ ಸ್ಟುಡಿಯೋ ಆಲ್ಬಂನಲ್ಲಿ ಹಾಡಿದ್ದು ಅದೇ ಮೊದಲು. ಮೂವತ್ತೈದು ವರ್ಷ! ಅರವತ್ತು ದಾಟಿದ ಈ ಮಹಾಶಯರ ಆಲ್ಬಂ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಅವರಿಗೆ ಅದು ಹಿಂದೆಂದೂ ಸಿಕ್ಕಿರಲಿಲ್ಲ.

ನಮ್ಮ ಮನೆಯ ಸಮಸ್ಯೆ ಬೇರೆ. ಮಗ ಆಗ ದ್ವಿತೀಯ ಪಿಯುಸಿ, ಸೈನ್ಸ್. ಟ್ಯೂಷನ್, ಸಿಇಟಿ, ಅದರ ನಡುವೆ ಗಿಟಾರ್. ಮಾರ್ಚ್ ತನಕ ಅದನ್ನು ಅಟ್ಟಕ್ಕೆ ಹಾಕೋಣ ಎಂದೆ. ಮಗ ನನ್ನೊಡನೆ ಮಾತು ಬಿಟ್ಟ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ನೋಡಿಕೊಂಡು ಉಂಡು ಎದ್ದು ಹೋಗುತ್ತಿದ್ದ. ಹದಿನೇಳು ವರ್ಷದ ಮಕ್ಕಳಿರುವ ಮನೆಯವರಿಗೆ ಈ ಮೌನದ ತೂಕ ಗೊತ್ತಿರುತ್ತದೆ.

ಮಾತು ಮತ್ತೆ ಶುರುವಾದದ್ದು ಅಜ್ಜನ ಕಡೆಯಿಂದ. ಟೋನಿ ಅಯೋಮಿ ಎಂಬ ಗಿಟಾರ್‌ವಾದಕನ ಕಥೆಯನ್ನು ಹುಡುಗ ಅವರಿಗೆ ಹೇಳಿದ್ದ. ಈ ತಂಡದವರ ಊರು ಬರ್ಮಿಂಗ್‌ಹ್ಯಾಂ, ಅದೂ ಲೋಹದ ಊರೇ. ಹದಿನೇಳನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯಲ್ಲಿ, ಅದೂ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕು ಅಯೋಮಿಯ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು.

'ಮಷೀನಿಗೆ ಗಾರ್ಡ್ ಇರಲಿಲ್ಲವೇನೋ?' ಎಂಬುದು ಅಪ್ಪನ ಮೊದಲ ಪ್ರಶ್ನೆ. ಎರಡನೆಯದು, 'ಗಿಟಾರ್‌ಗೆ ಯಾವ ಕೈ ಮುಖ್ಯ?'

ಅಯೋಮಿ ಎಡಚ. ಅಂದರೆ ತಂತಿ ಒತ್ತಬೇಕಾದ ಕೈಯೇ ಬಲಗೈ. ಎರಡೇ ಬೆರಳಿನಲ್ಲಿ ಸ್ವರ ಹಿಡಿಯುತ್ತಿದ್ದ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡನ್ನು ಕಾರ್ಖಾನೆಯ ಮ್ಯಾನೇಜರ್ ಅವನಿಗೆ ಕೇಳಿಸಿದರು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡ ಹುಡುಗ. ಬಿಗಿ ತಂತಿ ಒತ್ತಿದರೆ ನೋವು, ಆದ್ದರಿಂದ ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. ಆ ಗಡಸು, ಮಂದ್ರ ನಾದ ಬೆಳೆದದ್ದು ಹೀಗೆ. 'ಥರ್ಟೀನ್' ಸಿದ್ಧವಾಗುವಾಗಲೂ ಅವನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿತ್ತು.

ಬಾಟಲಿ ಕರಗಿಸಿದ ಸಂಗತಿ ಅಪ್ಪನಿಗೆ ಬಹಳ ಹಿಡಿಸಿತು. 'ಒಳ್ಳೆ ಫಿಟ್ಟರ್ ಆಗ್ತಿದ್ದ' ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ. ಸಂಜೆ ಏಳರಿಂದ ಎಂಟು ಗಿಟಾರ್, ಉಳಿದ ಹೊತ್ತು ಓದು ಎಂದು ಅವರೇ ಪಾಳಿ ಹಾಕಿಕೊಟ್ಟರು. ಎಂಟಾದೊಡನೆ 'ಶಿಫ್ಟ್ ಮುಗೀತು' ಎಂದು ಹಜಾರದಿಂದಲೇ ಕೂಗುತ್ತಿದ್ದರು. ಹುಡುಗ ನಿಲ್ಲಿಸುತ್ತಿದ್ದ.

ಆಲ್ಬಂ ನಾನೂ ಪೂರ್ತಿ ಕೇಳಿದೆ. ನನಗನ್ನಿಸಿದ್ದು, ಅಯೋಮಿಯ ವಾದನಕ್ಕೆ ವಯಸ್ಸಾಗಿಲ್ಲ, ಆದರೆ ಒಬ್ಬ ಕಡಿಮೆಯಿದ್ದಾನೆ. ಕರಾರು ಒಪ್ಪಿಗೆಯಾಗದೆ ಹಳೆಯ ಡ್ರಮ್‌ವಾದಕ ಬಿಲ್ ವಾರ್ಡ್ ಹೊರಗುಳಿದಿದ್ದ. ಬದಲಿಗೆ ಬಂದ ಬ್ರ್ಯಾಡ್ ವಿಲ್ಕ್ ಅಚ್ಚುಕಟ್ಟಾಗಿ ನುಡಿಸಿದ್ದಾನೆ, ಅಷ್ಟೆ. ಕೊನೆಯ ಹಾಡು ಮುಗಿಯುವುದು ಮಳೆ, ಗುಡುಗು, ಗಂಟೆಯ ಸದ್ದಿನಲ್ಲಿ. 1970ರ ಅವರ ಮೊದಲ ಆಲ್ಬಂ ಶುರುವಾದದ್ದೂ ಹಾಗೆಯೇ. ನಮ್ಮ ಜೂನ್ ತಿಂಗಳಲ್ಲಿ ಆ ಮಳೆ ಸ್ಪೀಕರಿನದೋ ಹೊರಗಿನದೋ ತಿಳಿಯುವುದು ಕಷ್ಟ. ನನ್ನ ಹೆಂಡತಿ ಒಮ್ಮೆ ಬಟ್ಟೆ ತೆಗೆಯಲು ಓಡಿದ್ದಳು.

ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಂನ ವಿಲ್ಲಾ ಪಾರ್ಕ್‌ನಲ್ಲಿ ನಾಲ್ವರೂ ಕೊನೆಯ ಬಾರಿ ಸೇರಿ ನಾಲ್ಕು ಹಾಡು ನುಡಿಸಿದರು. ಆಝಿ ಕೂತೇ ಹಾಡಿದ, ಡ್ರಮ್ಮಿನ ಹಿಂದೆ ಬಿಲ್ ವಾರ್ಡ್ ಇದ್ದ. ಹದಿನೇಳು ದಿನಕ್ಕೆ ಆಝಿ ತೀರಿಕೊಂಡ. ಅಂದು ರಾತ್ರಿ ಮಗನ ಫೋನ್ ಬಂತು. ಸ್ವಲ್ಪ ಹೊತ್ತು ಆಝಿಯ ಸುದ್ದಿ ಮಾತಾಡಿದ. ಆಮೇಲೆ ಅಜ್ಜನ ವಿಷಯವೇ ಮಾತಾಡಿದ.