ಚಿಗರಿ, ಕಡ್ಲಿ ಹೊಲ ಮತ್ತು 600 ಎಂಎಂ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ 'ಚಿಗರಿ' ಅಂದ್ರೆ ಬಸ್ಸು. ಬಿಆರ್‌ಟಿಎಸ್ ರಸ್ತೆಯಲ್ಲಿ ಓಡುವ ಎಸಿ ಬಸ್ಸುಗಳಿಗೆ ಇಟ್ಟ ಹೆಸರು ಅದು. ವಿದ್ಯಾನಗರದ ಸ್ಟಾಪಿನಲ್ಲಿ ಕಾಲೇಜು ಹುಡುಗರು "ಏ, ಚಿಗರಿ ಬಂತಲೇ" ಅಂತ ಓಡೋದನ್ನ ನೋಡಿದ್ರೆ ನನಗೆ ಇವತ್ತಿಗೂ ನಗು ಬರ್ತದೆ. ನಮ್ಮೂರಲ್ಲಿ ಚಿಗರಿ ಬಂತು ಅಂದ್ರೆ ಓಡೋದು ಬೇರೆ ಕಾರಣಕ್ಕೆ. ನಮ್ಮೂರು ನವಲಗುಂದದ ಕಡೆ. ಯರಿ ಭೂಮಿ, ಗಿಡ ಕಮ್ಮಿ, ಆಕಾಶ ಜಾಸ್ತಿ. ಪುಸ್ತಕದವರು ಕೃಷ್ಣಮೃಗ ಅನ್ನೋ ಪ್ರಾಣಿಗೆ ನಾವು ಚಿಗರಿ ಅಂತೀವಿ.

ಹಾಗಾಗಿ ಹೋದ ವರ್ಷ ಹೊಸ ಕ್ಯಾಮೆರಾ ತಗೊಂಡಾಗ ಏನು ಹಿಡಿಯಬೇಕು ಅನ್ನೋ ಪ್ರಶ್ನೆ ನನಗಿರಲಿಲ್ಲ. ಯಾವ ಕಂಪನಿದು ಅಂತ ಕೇಳಬ್ಯಾಡ್ರಿ. ಮೊಬೈಲು, ಮೋಟರ್‌ಸೈಕಲ್ಲು, ಕ್ಯಾಮೆರಾ, ಈ ಮೂರರ ಹೆಸರು ತಗದ್ರೆ ನಮ್ಮ ಆಫೀಸಿನಲ್ಲಿ ಅವತ್ತಿನ ಕೆಲಸ ಮುಗೀತು. ಒಂದು ಮಿರರ್‌ಲೆಸ್ ಬಾಡಿ, 600 ಎಂಎಂ ತನಕ ಹೋಗುವ ಒಂದು ಜೂಮ್ ಲೆನ್ಸು. ಎರಡೂ ಸೇರಿ ಎರಡು ಲಕ್ಷ ದಾಟಿತು, ತಿಂಗಳ ಕಂತಿನ ಮೇಲೆ. ಅಪ್ಪನಿಗೆ ಬೆಲೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಚಲೋ ಜೋಡೆತ್ತು ಬರ್ತಿದ್ವು ಬಿಡು" ಅಂದರು, ಅಷ್ಟೇ.

ವಿದ್ಯಾನಗರದಲ್ಲಿ ನಮ್ಮದೊಂದು ನಾಲ್ಕೈದು ಜನರ ಗುಂಪಿದೆ. ಭಾನುವಾರ ಬೆಳಿಗ್ಗೆ ಉಣಕಲ್ ಕೆರೆ ದಂಡೆ ಮೇಲೆ ಸೇರ್ತೀವಿ. ಒಬ್ಬರು ಮಕ್ಕಳ ಡಾಕ್ಟರು, ಒಬ್ಬರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಒಬ್ಬ ಬ್ಯಾಂಕಿನವ. ಉಳಿದವರು ನನ್ನ ಹಾಗೆ ಲ್ಯಾಪ್‌ಟಾಪು ಹೊತ್ತು ತಿರುಗೋರು. ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ ಎದುರಿಗಿರ್ತವೆ. ಮಾತು ಮಾತ್ರ ಕ್ಯಾಮೆರಾದ್ದು. ಎಲ್ಲರ ಅನುಭವ ಕೂಡಿಸಿ ಹೇಳ್ತೀನಿ. ನೀವೂ ತಗೊಳ್ಳೋ ವಿಚಾರದಲ್ಲಿದ್ರೆ ಉಪಯೋಗಕ್ಕೆ ಬಂದೀತು.

ಮೇಷ್ಟ್ರ ಹತ್ತಿರ ಇರೋದು ಲೆನ್ಸ್ ಬಿಚ್ಚಲಾಗದ ಬ್ರಿಜ್ ಕ್ಯಾಮೆರಾ. 2015ರಲ್ಲಿ ನಿಕಾನ್ ಪಿ900 ಬಂದು 83 ಪಟ್ಟು ಜೂಮ್ ಕೊಟ್ಟಾಗ ಹಕ್ಕಿ ನೋಡೋರಿಗೆಲ್ಲ ಹಬ್ಬ ಆಗಿತ್ತು. 2018ರ ಪಿ1000 ಅದನ್ನ 125 ಪಟ್ಟಿಗೆ, ಅಂದ್ರೆ 3000 ಎಂಎಂಗೆ ಸಮನಾದ ದೂರಕ್ಕೆ ಒಯ್ದಿತು. ಚಂದ್ರನ ಮೇಲಿನ ಕುಳಿಗಳು ತಾರಸಿ ಮೇಲಿಂದಲೇ ಕಾಣ್ತವೆ. ಇದರ ಗುಟ್ಟು ಇರೋದು ಸೆನ್ಸರಿನ ಗಾತ್ರದಲ್ಲಿ. ಈ ಕ್ಯಾಮೆರಾಗಳ ಸೆನ್ಸರು ಕಿರುಬೆರಳಿನ ಉಗುರಿಗಿಂತ ಸಣ್ಣದು. ಸಣ್ಣ ಸೆನ್ಸರು ಅಂದ್ರೆ ಸಣ್ಣ ಲೆನ್ಸಿನಲ್ಲೇ ದೊಡ್ಡ ಜೂಮು. ಆದ್ರೆ ಅಷ್ಟು ಸಣ್ಣ ಜಾಗದಲ್ಲಿ ಬೀಳೋ ಬೆಳಕೂ ಕಮ್ಮಿ. ಬಿಸಿಲಲ್ಲಿ ಕೂತ ಹಕ್ಕಿಗೆ ಅದು ಚೆಂದ, ಮುಸ್ಸಂಜೆಯಲ್ಲಿ ಓಡೋ ಪ್ರಾಣಿಗೆ ಕಷ್ಟ. ಮೇಷ್ಟ್ರಿಗೆ ಇದೆಲ್ಲ ಗೊತ್ತು. "ನಾ ಹಕ್ಕಿ ಗುರ್ತು ಹಿಡೀಲಿಕ್ಕೆ ತಗೊಂಡೀನಿ, ಗ್ವಾಡಿಗೆ ಹಾಕಲಿಕ್ಕಲ್ಲ" ಅಂತಾರೆ. ನಮ್ಮ ಗುಂಪಲ್ಲಿ ಅತಿ ಸಮಾಧಾನಿ ಅವರೇ.

ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ನಿಜಕ್ಕೂ ಹೊಸದು ಅಂದ್ರೆ ಕಣ್ಣು ಹಿಡಿಯೋ ವಿದ್ಯೆ. 2019ರಲ್ಲಿ ಸೋನಿ ತನ್ನ ಕ್ಯಾಮೆರಾಗಳಿಗೆ ಪ್ರಾಣಿಗಳ ಕಣ್ಣಿಗೆ ಫೋಕಸ್ ಮಾಡೋ ಅಪ್‌ಡೇಟ್ ಕೊಟ್ಟಿತು. 2020ರಲ್ಲಿ ಕ್ಯಾನನ್ ಆರ್5 ಡೀಪ್ ಲರ್ನಿಂಗ್‌ನಿಂದ ನಾಯಿ, ಬೆಕ್ಕು, ಹಕ್ಕಿ ಗುರುತಿಸೋಕೆ ಶುರು ಮಾಡಿತು. ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸಕ್ಕೂ ಇದಕ್ಕೂ ದೂರದ ನೆಂಟಸ್ತನ ಇದೆ. ಸಾವಿರಾರು ಚಿತ್ರ ತೋರಿಸಿ ಕಲಿಸ್ತಾರೆ, ಅದು ಕಲಿತದ್ದನ್ನ ಹುಡುಕುತ್ತೆ. ಆಡು, ನಾಯಿ ಮುಂದೆ ಹಿಡಿದ್ರೆ ಕಣ್ಣಿನ ಮೇಲೆ ಚೌಕ ಫಕ್ಕನೆ ಕೂತ್ಕೊಳ್ಳುತ್ತೆ. ಬೆಳೆ ನಡುವೆ ನಿಂತ ಹೆಣ್ಣು ಚಿಗರಿಯ ಮುಂದೆ ಒಂದೇ ಒಂದು ಜೋಳದ ದಂಟು ಬಂದ್ರೆ ಸಾಕು, ಚೌಕ ದಂಟಿಗೆ ಅಂಟ್ಕೊಂಡು ಅಲ್ಲೇ ಉಳೀತದೆ. ಆಗ ಹಳೇ ಪದ್ಧತಿಯ ಒಂದು ಚುಕ್ಕಿ ಫೋಕಸ್ಸೇ ಗತಿ.

ಎರಡನೇದು, ಸದ್ದಿಲ್ಲದ ಶಟರ್. ಮೊದಲಿನ ಕ್ಯಾಮೆರಾಗಳು ಖಟ್ ಅಂದ ಕೂಡ್ಲೇ ಚಿಗರಿ ಹಿಂಡು ತಲೆ ಎತ್ತೋದು. ಈಗ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಅವಕ್ಕೆ ನಾವು ಅಲ್ಲಿರೋದೇ ಗೊತ್ತಾಗಲ್ಲ. ಆದ್ರೆ ಸೆನ್ಸರು ಚಿತ್ರವನ್ನ ಮೇಲಿಂದ ಕೆಳಗೆ ಸಾಲುಸಾಲಾಗಿ ಓದ್ತದೆ. ಅಷ್ಟರಲ್ಲಿ ಪ್ರಾಣಿ ಮುಂದೆ ಹೋಗಿರ್ತದೆ. ಬ್ಯಾಂಕಿನ ಗೆಳೆಯ ಹಿಡಿದ ಮಿಂಚುಳ್ಳಿಯ ರೆಕ್ಕೆ ರಬ್ಬರಿನ ಹಾಗೆ ಬಾಗಿತ್ತು. ಕೂತ ಹಕ್ಕಿಗೆ ಸದ್ದಿಲ್ಲದ್ದು, ಹಾರೋ ಹಕ್ಕಿಗೆ ಸದ್ದಿನದ್ದು ಅಂತ ನಾವೊಂದು ನಿಯಮ ಮಾಡ್ಕೊಂಡಿದ್ದೀವಿ.

ಮೂರನೇದು ವೇಗ. ಸೆಕೆಂಡಿಗೆ 15-20 ಚಿತ್ರ. ಸಂಡೂರಿನ ಎಂ. ವೈ. ಘೋರ್ಪಡೆ, ರಾಜ್ಯದ ಹಣಕಾಸು ಸಚಿವರಾಗಿದ್ದವರು, ಫಿಲ್ಮಿನ ಕಾಲದಲ್ಲಿ ಕಪ್ಪು-ಬಿಳುಪಲ್ಲಿ ಕಾಡುಪ್ರಾಣಿಗಳನ್ನ ಹಿಡಿದು ಹೆಸರಾದರು. ಆ ಕಾಲದ ಒಂದು ರೋಲಿಗೆ 36 ಚಿತ್ರ. ನಾನು ಬಟನ್ ಒತ್ತಿ ಎರಡು ಸೆಕೆಂಡ್ ಹಿಡಿದ್ರೆ ಆ ರೋಲು ಮುಗೀತು. ಒಂದು ಬೆಳಿಗ್ಗೆ ಎರಡು ಸಾವಿರ ಫೋಟೋ ತಂದು ವಾರವಿಡೀ ರಾತ್ರಿ ಕೂತು ಅಳಿಸ್ತೀನಿ. ನನ್ನ ಹೆಂಡತಿ ಇದಕ್ಕೆ 'ಅಕ್ಕಿ ಆರಿಸೋದು' ಅಂತ ಹೆಸರಿಟ್ಟಿದ್ದಾಳೆ.

ಇನ್ನು ಅಂಗಡಿಯವರು ಹೇಳದ ಸಂಗತಿ ಒಂದಿದೆ. ಬಿಸಿಲೇರಿದ ಮೇಲೆ ಯರಿ ಹೊಲದ ಮೇಲೆ ಗಾಳಿ ಕುದಿಯೋಕೆ ಶುರುವಾಗ್ತದೆ. ಬರಿಗಣ್ಣಿಗೆ ಅಷ್ಟು ಕಾಣಲ್ಲ. ಇನ್ನೂರು ಮೀಟರ್ ದೂರದ ಪ್ರಾಣಿಯನ್ನ ಉದ್ದ ಲೆನ್ಸಿನಲ್ಲಿ ನೋಡಿದ್ರೆ ಅದು ಹರಿಯೋ ನೀರಿನೊಳಗೆ ನಿಂತ ಹಾಗೆ ಕಾಣ್ತದೆ. ಎಷ್ಟು ಲಕ್ಷದ ಲೆನ್ಸ್ ಇದ್ರೂ ಮಸುಕೇ. ಇದಕ್ಕೆ ಔಷಧ ಒಂದೇ, ನಸುಕಿನಲ್ಲಿ ಏಳೋದು. ಹೊತ್ತು ಮೂಡಿದ ಮೊದಲ ಒಂದು ತಾಸು, ಅಷ್ಟೇ ನಮ್ಮದು.

ಆ ಒಂದು ತಾಸಿನಲ್ಲೇ ನನಗೆ ಬೇಕಾದ ಚಿತ್ರ ಸಿಕ್ತು. ನವೆಂಬರ್ ತಿಂಗಳು, ನಮ್ಮ ಹೊಲದ ಬದುವಿನ ಮೇಲೆ ಬೋರಲು ಮಲಗಿದ್ದೆ. ಕಪ್ಪು ಗಂಡು ಚಿಗರಿ, ತಿರುಚಿದ ಕೋಡು, ಕೋಡಿನ ತುದಿಗೆ ಎಳೆ ಬಿಸಿಲು. ಹಿಂದೆ ಮುಂದೆ ಎಲ್ಲ ಕರಗಿ ಹೋದಂಥ ಮೆತ್ತನೆ ಹಸಿರು. ಗುಂಪಿನಲ್ಲಿ ತೋರಿಸಿದಾಗ ಡಾಕ್ಟರು ಪ್ರಾಣಿಗಿಂತ ಹೆಚ್ಚು ಆ ಹಸಿರನ್ನೇ ಹೊಗಳಿದರು. "ಬ್ಯಾಕ್‌ಗ್ರೌಂಡ್ ನೋಡ್ರಿ, ಬೆಣ್ಣಿ ಇದ್ದಂಗ ಐತಿ" ಅಂದರು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿಗೆ ಒಯ್ದೆ. ಅಪ್ಪ ಕನ್ನಡಕ ಹಾಕ್ಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಚಲೋ ಬಂದೈತಿ. ಇದು ಹಸರು ಏನ ತಮ್ಮಾ?"

"ಕಡ್ಲಿ."

"ಯಾರ ಹೊಲದ್ದು?"

"ನಮ್ದ."

ಅಪ್ಪ ಫೋಟೋ ವಾಪಸ್ ಕೊಟ್ಟರು. "ಮತ್ತ ಅದು ಕಾಣೂದ ಇಲ್ಲಲ್ಲೋ ಇದರಾಗ" ಅಂದರು.

ಅವರು ಕೊಂಕು ಆಡಲಿಲ್ಲ. ಕಂಡದ್ದು ಹೇಳಿದರು, ಅದು ಲೆನ್ಸಿನ ಗಣಿತಕ್ಕೂ ಸರಿಹೊಂದುತ್ತೆ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡೀರಿ. ಅದು ಮುಚ್ಚೋದು ಸುಮಾರು ಎರಡು ಡಿಗ್ರಿ. ನನ್ನ ಕ್ಯಾಮೆರಾಕ್ಕೆ 600 ಎಂಎಂನಲ್ಲಿ ಮೂಲೆಯಿಂದ ಮೂಲೆಗೆ ಕಾಣೋದು ಮೂರು ಡಿಗ್ರಿಗಿಂತ ಕಮ್ಮಿ. ಹೆಬ್ಬೆರಳಿಗಿಂತ ಸ್ವಲ್ಪ ಅಗಲದ ಜಗತ್ತು. ಅದರಾಚೆಗಿನದು ಚಿತ್ರದಲ್ಲಿಲ್ಲ. ಒಳಗಿದ್ದರೂ ಫೋಕಸ್ ಇಲ್ಲದ್ದು ಬೆಣ್ಣೆ. ನಮ್ಮ ಮನೆಯ ಆ ವರ್ಷದ ಕಡ್ಲಿ ಹಾಗೆ ಬೆಣ್ಣೆಯಾಗಿತ್ತು.

ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿಗೆ ಇರೋವಷ್ಟೇ ರಕ್ಷಣೆ. ಇರಬೇಕು ಕೂಡ. ಅದಕ್ಕೇ ಅಂತ 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. ಆದ್ರೆ ಧಾರವಾಡ, ಗದಗ, ಹಾವೇರಿ, ಕೊಪ್ಪಳದ ಬಯಲಿನ ಚಿಗರಿಗಳಿಗೆ ಬೇಲಿ ಇಲ್ಲ, ಗಡಿ ಇಲ್ಲ. ಅದು ಬಯಲ ಹುಲ್ಲಿನ ಪ್ರಾಣಿ. ಹುಲ್ಲಿನ ಬಯಲು ಹೊಲ ಆಯ್ತು, ಅದು ಹೊಲದಲ್ಲೇ ಉಳೀತು. ಮೊಳಕೆ ಎದ್ದ ಕಡ್ಲಿ, ಹೆಸರು ಅದಕ್ಕೂ ರುಚಿ.

ಆ ಸಲ ಹಿಂಡು ಒಂದು ಎಕರೆ ಹತ್ರ ಮೇಯ್ದಿತ್ತು. ಕಾಡುಪ್ರಾಣಿಯಿಂದ ಬೆಳೆ ಹಾಳಾದ್ರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಅಪ್ಪ ಅಂದರು, "ಅರ್ಜಿಗೆ ಫೋಟೋ ಬೇಕಾಗ್ತೈತಿ. ಹೆಂಗೂ ಅಷ್ಟು ದೊಡ್ಡ ಕ್ಯಾಮರಾ ತಂದೀಯಲ್ಲ, ಹೊಡಿ." ಕಾಲ ಬುಡದಲ್ಲಿ ತುದಿ ಕಚ್ಚಿದ ಸಸಿ. ಕ್ಯಾಮೆರಾ ಎತ್ತಿದೆ. ಲೆನ್ಸು ಹಿಂದೆ ಮುಂದೆ ತಿರುಗಿ ಸೋತು ನಿಂತಿತು. ಈ ಜಾತಿ ಲೆನ್ಸುಗಳು ಎರಡೂವರೆ ಮೀಟರಿನ ಆಸುಪಾಸಿಗಿಂತ ಹತ್ತಿರದ್ದಕ್ಕೆ ಫೋಕಸ್ ಆಗಲ್ಲ. ದೂರದ್ದು ನೋಡೋಕೆ ಮಾಡಿದ ಕಣ್ಣು ಅದು. ಕೊನೆಗೆ ಅಪ್ಪನ ಮೊಬೈಲಿನಲ್ಲೇ ಆರು ಫೋಟೋ ತೆಗೆದು ಕೊಟ್ಟೆ.

ಅಪ್ಪ ಆ ಪ್ರಾಣಿಯನ್ನ ದ್ವೇಷಿಸ್ತಾರೆ ಅಂದ್ಕೋಬ್ಯಾಡ್ರಿ. ಮರಿ ಹಾಕಿದ ಚಿಗರಿ ಬದುವಿನ ಹುಲ್ಲಲ್ಲಿದ್ರೆ ಆ ಕಡೆ ಯಾರನ್ನೂ ಬಿಡಲ್ಲ. ನಾಯಿ ಅಟ್ಟಿಸಿಕೊಂಡು ಹೋದ್ರೆ ನಾಯಿಗೇ ಕಲ್ಲು. ಚಿಗರಿಗೆ ಮಾತ್ರ ಎಣ್ಣಿ ಡಬ್ಬಿ ಬಡಿದು ಓಡಿಸೋದು. ಸಣ್ಣವನಿದ್ದಾಗ ಸಾಲಿ ರಜಾದಲ್ಲಿ ಆ ಡಬ್ಬಿ ಡ್ಯೂಟಿ ನಂದೂ ಇತ್ತು. ಈಗ ನಾನು ಊರಲ್ಲಿದ್ದ ದಿನ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಇದೆ. ಹಿಂಡು ಬಂದ್ರೆ ಅಪ್ಪ ಹತ್ತು ನಿಮಿಷ ಸುಮ್ಮನಿರ್ತಾರೆ. ಆ ಹತ್ತು ನಿಮಿಷಕ್ಕೆ ಎಷ್ಟು ಸಸಿ ಹೋಗ್ತವೆ ಅಂತ ಇಬ್ಬರಿಗೂ ಗೊತ್ತು, ಇಬ್ಬರೂ ಎಣಿಸಲ್ಲ. ಆಮೇಲೆ ಡಬ್ಬಿ. ಡಬ್ಬಿ ಸದ್ದಿಗೆ ಹಿಂಡು ಒಂದರ ಹಿಂದೊಂದು ಆಳೆತ್ತರ ಜಿಗಿದು ಹೋಗುತ್ತೆ. ಆ ಜಿಗಿತದ ಫೋಟೋ ನೋಡಿ ಗುಂಪಿನವರು ಎಷ್ಟು ದಿನ ಕಾದ್ರಿ ಅಂತ ಕೇಳಿದ್ರು. ಫೋಟೋಕ್ಕಾಗಿ ಪ್ರಾಣಿ ಬೆದರಿಸೋದು ತಪ್ಪು ಅಂತ ನಾವೆಲ್ಲ ಒಪ್ಪಿದ ಮಾತು. ಅದಕ್ಕೇ ಇದ್ದದ್ದು ಹೇಳಿದೆ, ಫೋಟೋಕ್ಕಲ್ಲ, ಕಡ್ಲಿಗೆ ಅಂತ. ಡಾಕ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದ್ಸಲ ನಿಮ್ಮೂರಿಗೆ ಬರ್ತೀನಿ, ಕ್ಯಾಮೆರಾ ಬಿಟ್ಟು" ಅಂದರು. ಬಂದರು ಕೂಡ. ಅವ್ವನ ಕೈಯ ರೊಟ್ಟಿ ಉಂಡು ಹೋದರು.

ಈಗ ನನ್ನ ಬ್ಯಾಗಿನಲ್ಲಿ ಅಗಲ ಕಾಣುವ ಒಂದು ಸಣ್ಣ ಲೆನ್ಸೂ ಇರ್ತದೆ. ಉದ್ದ ಲೆನ್ಸಿನಲ್ಲಿ ಒಂದು ಹೊಡೆದ್ರೆ, ಅದೇ ಜಾಗದಿಂದ ಅಗಲದ್ದರಲ್ಲಿ ಇನ್ನೊಂದು. ಇದರಲ್ಲಿ ಚಿಗರಿ ಚುಕ್ಕಿಯಷ್ಟು ಕಾಣ್ತದೆ, ಹೊಲ ಪೂರಾ ಕಾಣ್ತದೆ, ಬದುವಿನ ಮೇಲೆ ಕೂತ ಮನುಷ್ಯನೂ ಕಾಣ್ತಾನೆ. ಇಂಥ ಚಿತ್ರಕ್ಕೆ ಲೈಕ್ ಬೀಳಲ್ಲ. ಎರಡನ್ನೂ ಒಂದೇ ಫೋಲ್ಡರಿನಲ್ಲಿ, ಒಂದೇ ತಾರೀಖಿನ ಹೆಸರಲ್ಲಿ ಇಡ್ತೀನಿ.

ಕ್ಯಾಮೆರಾ ತಗೊಳ್ಳೋರು ಮೆಗಾಪಿಕ್ಸೆಲ್ ಕೇಳ್ರಿ, ಕಣ್ಣು ಹಿಡಿಯೋ ಫೋಕಸ್ ಕೇಳ್ರಿ, ಬ್ಯಾಟರಿ ಎಷ್ಟು ಹೊತ್ತು ಅಂತನೂ ಕೇಳ್ರಿ. ಎಷ್ಟು ಹತ್ತಿರದ್ದಕ್ಕೆ ಫೋಕಸ್ ಆಗ್ತದೆ ಅಂತ ಕೇಳೋದನ್ನೂ ಮರೀಬ್ಯಾಡ್ರಿ.