ಹಗ್ಗ ಎಳೆದು ನೋಡು

ಮಾಚೇನಹಳ್ಳಿಯ ನಮ್ಮ ತವರುಮನೆ ಬಿ.ಎಚ್. ರಸ್ತೆಗೆ ಅಂಟಿಕೊಂಡಂತೆಯೇ ಇತ್ತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಊರಾದ್ದರಿಂದ ಹಗಲೂ ರಾತ್ರಿ ಲಾರಿಗಳ ಓಡಾಟ. ನನ್ನ ಅಪ್ಪನೂ ಲಾರಿ ಓಡಿಸುತ್ತಿದ್ದರು. ಸಾಗರ, ಹೊಸನಗರದ ಕಡೆಯಿಂದ ಬಿದಿರು, ನೀಲಗಿರಿ ತುಂಡುಗಳನ್ನು ಹೇರಿಕೊಂಡು ಭದ್ರಾವತಿಯ ಕಾಗದದ ಕಾರ್ಖಾನೆಗೆ ಒಯ್ಯುವುದು ಅವರ ಕೆಲಸ. ಆ ಕಾರ್ಖಾನೆಯಲ್ಲಿ ಕಾಗದ ತಯಾರಾಗುವುದು ನಿಂತು ವರ್ಷಗಳೇ ಆದವು. ಆದರೆ ಅಪ್ಪ ನಮ್ಮ ಮನೆಯ ಮುಂದೆ ಲಾರಿ ನಿಲ್ಲಿಸುತ್ತಿದ್ದ ರೀತಿ ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರೂ ಅವರು ನೇರವಾಗಿ ಬರುತ್ತಿರಲಿಲ್ಲ. ಮೊದಲು ಲಾರಿಯ ಸುತ್ತ ಒಂದು ಸುತ್ತು. ಒಂದೊಂದು ಹಗ್ಗವನ್ನೂ ಎಳೆದು ನೋಡಿ, ಸಡಿಲವಾದದ್ದನ್ನು ಕೋಲು ಹಾಕಿ ತಿರುಚಿ ಬಿಗಿದು, ಆಮೇಲೆ ಮಜ್ಜಿಗೆ.

“ಹೊರಡುವಾಗ ಬಿಗಿದದ್ದು ದಾರಿಯಲ್ಲಿ ಬಿಗಿಯಾಗಿ ಉಳಿಯೋದಿಲ್ಲ ಮಗಾ. ಹೊರೆ ಕುಸಿದು ಕೂತ್ಕೊಳ್ಳುತ್ತೆ, ಹಗ್ಗ ಸಡಿಲ ಆಗುತ್ತೆ. ನಿಂತಲ್ಲೆಲ್ಲ ಎಳೆದು ನೋಡಬೇಕು” ಎನ್ನುತ್ತಿದ್ದರು. ಮೇಷ್ಟ್ರಾಗುವವಳಿಗೆ ಲಾರಿಯ ಹಗ್ಗದ ಪಾಠ ಯಾಕೆ ಎಂದು ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಆ ಪಾಠ ನನಗೆ ಬೇಕಾದದ್ದು ಸಾವಿರಾರು ಮೈಲಿ ಆಚೆ, ಅಮೆರಿಕದಲ್ಲಿ.

2023ರ ಬೇಸಿಗೆ ರಜೆಯಲ್ಲಿ ಮಗನ ಮನೆಗೆ ಹೋಗಿದ್ದೆ. ಅವನಿರುವುದು ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ. ಆ ರಾಜ್ಯದ ಸುತ್ತ ಸಮುದ್ರದಂಥ ಮಹಾಸರೋವರಗಳು, ಒಳಗೆ ಸಾವಿರಾರು ಸಣ್ಣ ಕೆರೆಗಳು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಕರಗಿ ಮೇ ತಿಂಗಳು ಬಂತೆಂದರೆ ಮನೆಮನೆಯ ಅಂಗಳದಿಂದ ದೋಣಿಗಳು ಹೊರಡುತ್ತವೆ. ನಮ್ಮಲ್ಲಿ ಟ್ರಾಕ್ಟರಿನ ಹಿಂದೆ ಟ್ರೈಲರ್ ಹೋಗುವಂತೆ ಅಲ್ಲಿ ಕಾರಿನ ಹಿಂದೆ ದೋಣಿ ಹೋಗುತ್ತದೆ. ನನ್ನ ಮಗನೂ ಹದಿನೇಳು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದ. ತುಂಗೆಯಲ್ಲಿ ಮೊಣಕಾಲುದ್ದದ ನೀರಿಗಿಳಿಯಲೂ ಹೆದರುತ್ತಿದ್ದ ಹುಡುಗ! ಆ ದುಡ್ಡಿನಲ್ಲಿ ಒಂದು ಸೈಟಿಗೆ ಮುಂಗಡ ಕೊಡಬಹುದಿತ್ತಲ್ಲ ಎಂದು ನನಗೆ ಒಳಗೊಳಗೇ ಸಂಕಟ. ಆದರೆ ಮಗ ಸೊಸೆಯ ಮನೆಯಲ್ಲಿ ಬಾಯಿ ಬಿಗಿಹಿಡಿದಿರಬೇಕೆಂದು ವಿಮಾನ ಹತ್ತುವಾಗಲೇ ನಿರ್ಧರಿಸಿಕೊಂಡಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೂವತ್ತು ವರ್ಷ ಮಕ್ಕಳಿಂದ ಕಾಪಿ ಬರೆಸಿದವಳಲ್ಲವೆ?

ಹಾಯಿದೋಣಿಗೆ ಗಾಳಿಯೇ ಆಧಾರ. ಗಾಳಿ ನಿಂತರೆ ನಡುನೀರಿನಲ್ಲಿ ಸುಮ್ಮನೆ ಕೂರಬೇಕು. ಅದಕ್ಕಾಗಿ ದೋಣಿಯ ಹಿಂಬದಿಯ ಹಲಗೆಗೆ ಸಣ್ಣದೊಂದು ಮೋಟರನ್ನು ಹೊರಗಿನಿಂದ ತೂಗುಹಾಕಿರುತ್ತಾರೆ. ಹೊರಗೆ ಇರುವುದರಿಂದ ಅದು ಔಟ್‌ಬೋರ್ಡ್ ಮೋಟರ್. ಮಗನ ಮೋಟರು ಐದು ಅಶ್ವಶಕ್ತಿಯದು, ತೂಕ ಸುಮಾರು ಇಪ್ಪತ್ತೈದು ಕಿಲೋ. ನಾವು ಅಂಗಡಿಯಿಂದ ತರುವ ಒಂದು ಅಕ್ಕಿಚೀಲದಷ್ಟು.

ಮೇ ಮೊದಲ ವಾರ ಹೌಟನ್ ಕೆರೆಗೆ ಹೊರಟೆವು. ಉತ್ತರಕ್ಕೆ ಸುಮಾರು ಎರಡು ಗಂಟೆಯ ದಾರಿ. ಮಗ ದೋಣಿಯನ್ನು ಟ್ರೈಲರಿಗೆ ಪಟ್ಟಿಗಳಿಂದ ಬಿಗಿದ. ಹಾಯಿಗಂಬವನ್ನು ಮಲಗಿಸಿ ಕಟ್ಟಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಸುತ್ತಿದ. ನಮ್ಮ ಬಿದಿರಿನ ಲಾರಿಯ ನೆನಪಾಗಿ ಖುಷಿಯಾಯಿತು. ಮೋಟರು ಮಾತ್ರ ದೋಣಿಯ ಹಿಂದೆ ತನ್ನ ಬ್ರಾಕೆಟ್ಟಿನ ಮೇಲೆಯೇ ಇತ್ತು. ಎರಡು ತಿರುಪುಗಳನ್ನು ಕೈಯಿಂದ ಬಿಗಿದಿದ್ದ. ಅಲ್ಲಾಡದಿರಲೆಂದು, ಸ್ಕೂಟರಿನ ಹಿಂದೆ ಬ್ಯಾಗು ಕಟ್ಟುವ ರಬ್ಬರ್ ಹಗ್ಗವಿರುತ್ತದಲ್ಲ, ಅಂಥದೊಂದನ್ನು ಸುತ್ತಿದ್ದ. ಕಾರು ಅಂಗಳದಿಂದ ರಸ್ತೆಗೆ ಇಳಿಯುವಾಗ ನಾನು ಹಿಂದಕ್ಕೆ ತಿರುಗಿ ನೋಡಿದೆ. ಮೋಟರು ತಲೆಯಾಡಿಸಿತು. ಅಪ್ಪನಾಗಿದ್ದರೆ ಅಲ್ಲೇ ನಿಲ್ಲಿಸು ಎನ್ನುತ್ತಿದ್ದರು. ನಾನು ಬಾಯಿ ತೆರೆದೆ, ಮುಚ್ಚಿಕೊಂಡೆ. ಇಂಜಿನಿಯರು ಮಗ, ಅವನ ದೇಶ, ಅವನ ರಸ್ತೆ. ನನಗೇನು ಗೊತ್ತು?

ಮುಕ್ಕಾಲು ಗಂಟೆ ಕಳೆದಿರಬಹುದು. ಒಂದು ಸೇತುವೆ ಏರುವಲ್ಲಿ ಟ್ರೈಲರು ದಡಕ್ಕನೆ ಹಾರಿತು. ಹಿಂದೆ ಏನೋ ಮುರಿದ ಸದ್ದು. ಬ್ರಾಕೆಟ್ಟಿನ ಹಲಗೆ ಸೀಳಿ ಮೋಟರು ರಸ್ತೆಗೆ ಬಿದ್ದಿತ್ತು. ನಮ್ಮ ಹಿಂದೆಯೇ ಬರುತ್ತಿದ್ದ ವ್ಯಾನೊಂದು ಒಮ್ಮೆಲೇ ಪಕ್ಕಕ್ಕೆ ಹೊರಳಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಅದರಿಂದ ಒಬ್ಬ ಹೆಂಗಸು ಇಳಿದಳು. ಹಿಂದಿನ ಸೀಟಿನಲ್ಲಿ ಇಬ್ಬರು ಪುಟ್ಟ ಮಕ್ಕಳು. ಯಾರಿಗೂ ಏನೂ ಆಗಿರಲಿಲ್ಲ. ಆಕೆ ಬೈಯಲೂ ಇಲ್ಲ. ಮಕ್ಕಳ ಕಡೆಗೊಮ್ಮೆ, ಮೋಟರಿನ ಕಡೆಗೊಮ್ಮೆ ನೋಡುತ್ತ ನಿಂತಿದ್ದಳು. ನನ್ನ ಮಗನ ಕೈ ನಡುಗುತ್ತಿತ್ತು. ಸೊಸೆ ಆಕೆಗೆ ನೀರಿನ ಬಾಟಲಿ ಕೊಟ್ಟು ಕ್ಷಮೆ ಕೇಳಿದಳು. ಪೊಲೀಸರು ಬಂದು ದಂಡದ ಚೀಟಿ ಬರೆದುಕೊಟ್ಟರು.

ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಸೊಸೆ ಮಲಗಿದ ಮೇಲೆ ಮಗನ ಎದುರಿಗೆ ಕೂತು ಹೇಳಿಬಿಟ್ಟೆ: “ಅದು ಅಲ್ಲಾಡೋದನ್ನ ನಾನು ಹೊರಡುವಾಗಲೇ ನೋಡಿದ್ದೆ ಕಣೋ.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಯಾಕಮ್ಮ ಹೇಳಲಿಲ್ಲ?”

“ಹೇಳಿದ್ರೆ ಕೇಳ್ತಿದ್ಯಾ?”

“ಇಲ್ಲವೇನೋ. ಆದ್ರೂ ಹೇಳಬೇಕಿತ್ತು.”

ಆ ಮಾತು ಸರಿಯಾಗಿ ನಾಟಿತು. ತರಗತಿಯಲ್ಲಿ ಯಾವ ಹುಡುಗನ ಚಪ್ಪಲಿಯ ದಾರ ಬಿಚ್ಚಿದ್ದರೂ ಗದರಿಸುವವಳು, ಮಕ್ಕಳಿಬ್ಬರ ಜೀವ ಹೋಗಬಹುದಾಗಿದ್ದ ಕಡೆ ಮರ್ಯಾದೆಯ ಹೆಸರಿನಲ್ಲಿ ಮೌನವಾಗಿದ್ದೆ. ಮೌನಕ್ಕೆ ಬಂಗಾರದ ಬೆಲೆ ಎನ್ನುತ್ತಾರೆ. ಅವತ್ತು ನನ್ನದು ತಗಡಿನ ಮೌನ.

ಮಾರನೆಯ ದಿನ ಮುರಿದ ಮೋಟರನ್ನು ದೋಣಿ ರಿಪೇರಿ ಮಾಡುವ ಒಬ್ಬ ಮುದುಕರ ಬಳಿ ಒಯ್ದೆವು. ನಾನೂ ಹಟ ಹಿಡಿದು ಹೋದೆ. ಅವರು ಹೇಳಿದ್ದನ್ನು ಮಗ ಕನ್ನಡದಲ್ಲಿ ವಿವರಿಸುತ್ತ ಹೋದಂತೆ ನನಗೆ ಎಲ್ಲವೂ ಅರ್ಥವಾಯಿತು. ನೀರಿನಲ್ಲಿ ದೋಣಿಗೆ ನೀರೇ ಮೆತ್ತೆ, ಅಲೆಯ ಪೆಟ್ಟು ಮೆತ್ತಗೆ ಬರುತ್ತದೆ. ರಸ್ತೆಯಲ್ಲಿ ಗುಂಡಿಯ ಪೆಟ್ಟು ಟ್ರೈಲರಿನಿಂದ ನೇರವಾಗಿ ದೋಣಿಗೆ, ದೋಣಿಯಿಂದ ಮೋಟರಿಗೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡರೆ ಫರ್ಲಾಂಗು ನಡೆಯಬಹುದು. ಅದೇ ಕೊಡವನ್ನು ಕೈಚಾಚಿ ಹಿಡಿದು ಹತ್ತು ಹೆಜ್ಜೆ ಹಾಕಿ ನೋಡಿ! ಹಿಂದಕ್ಕೆ ಚಾಚಿದ ಬ್ರಾಕೆಟ್ಟಿನಲ್ಲಿ ತೂಗುವ ಮೋಟರು ಹಾಗೆ ಕೈಚಾಚಿ ಹಿಡಿದ ಕೊಡ. ಸಣ್ಣ ಹಾಯಿದೋಣಿಯ ಬ್ರಾಕೆಟ್ಟು ಮೋಟರನ್ನು ನೀರಿಗೆ ಇಳಿಸಿ ಎತ್ತಲು ಮಾಡಿದ್ದೇ ಹೊರತು ರಸ್ತೆಯ ಕುಲುಕಾಟಕ್ಕಲ್ಲ. ರಬ್ಬರ್ ಹಗ್ಗವಂತೂ ಎಳೆದಷ್ಟು ಹಿಗ್ಗುತ್ತದೆ, ಬಿಗಿಯುವುದಿಲ್ಲ.

ಆದ್ದರಿಂದ ಇಂಥ ಚಿಕ್ಕ ಮೋಟರನ್ನು ಕಟ್ಟುವುದಕ್ಕಿಂತ ಬಿಚ್ಚುವುದೇ ಮೇಲು. ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಮಲಗಿಸಬೇಕು. ಅದಕ್ಕೂ ಒಂದು ಕ್ರಮವಿದೆ. ಪೆಟ್ರೋಲಿನ ನಲ್ಲಿ ಮುಚ್ಚಿ, ಒಳಗೆ ಉಳಿದದ್ದು ಮುಗಿದು ತಾನಾಗಿಯೇ ನಿಲ್ಲುವವರೆಗೆ ಮೋಟರನ್ನು ಓಡಿಸಬೇಕು. ಅದನ್ನು ನೀರಿನಲ್ಲಿರುವಾಗಲೇ ಮಾಡಬೇಕು, ಬರಿಗಾಳಿಯಲ್ಲಿ ಓಡಿಸಿದರೆ ತಂಪಿಲ್ಲದೆ ಕೆಡುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿ ನೀರೆಲ್ಲ ಸೋರಲು ಬಿಡಬೇಕು. ಮಲಗಿಸಿದಾಗ ಇಂಜಿನ್ನಿನ ತಲೆ ಫ್ಯಾನಿನ ತುದಿಗಿಂತ ಕೆಳಗಾಗಬಾರದು, ಆದರೆ ಉಳಿದ ನೀರು ಇಂಜಿನ್ನಿಗೆ ಹರಿದೀತು. ಫೋರ್ ಸ್ಟ್ರೋಕ್ ಮೋಟರಾದರೆ ತಯಾರಕರು ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಇಲ್ಲದಿದ್ದರೆ ಆಯಿಲ್ಲು ಸಲ್ಲದ ಜಾಗಕ್ಕೆ ಇಳಿಯುತ್ತದೆ. ಪೆಟ್ರೋಲು ಡಬ್ಬಿಯನ್ನು ಜನ ಕೂರುವ ಕಡೆ ಇಡಬಾರದು. ಬಿಚ್ಚಲಾಗದ ದೊಡ್ಡ ಮೋಟರಿಗಾದರೆ ಟ್ರೈಲರಿನಿಂದಲೇ ಊರುಗೋಲಿನಂಥ ಒಂದು ಆಸರೆ ಕೊಟ್ಟು, ಹಿಗ್ಗದ ಪಟ್ಟಿಯಿಂದ ಬಿಗಿಯುತ್ತಾರಂತೆ.

ಕೇಳುತ್ತಿದ್ದಂತೆ ನನಗೆ ಮಲ್ಪೆ ನೆನಪಾಯಿತು. ಹಿಂದೊಮ್ಮೆ ಶಾಲೆಯ ಪ್ರವಾಸದಲ್ಲಿ ಮಕ್ಕಳೊಂದಿಗೆ ದಡದಲ್ಲಿ ನಿಂತಿದ್ದಾಗ, ಮೀನುಗಾರರಿಬ್ಬರು ನಾಡದೋಣಿಯಿಂದ ಮೋಟರು ಬಿಚ್ಚಿ, ಒಂದು ಗಳಕ್ಕೆ ತೂಗುಹಾಕಿ, ಹೆಗಲ ಮೇಲೆ ಹೊತ್ತು ಮರಳಿನಲ್ಲಿ ನಡೆದುಹೋದರು. “ಟೀಚರ್, ಯಾಕೆ ಬಿಚ್ತಾರೆ?” ಎಂದು ಒಬ್ಬ ಹುಡುಗಿ ಕೇಳಿದ್ದಳು. ಕಳ್ಳರ ಭಯಕ್ಕಿರಬೇಕು ಎಂದು ಹೇಳಿ ಮುಂದೆ ಹೋಗಿದ್ದೆ. ಮನೆಯ ಅನ್ನ ದುಡಿಯುವ ವಸ್ತುವನ್ನು ತೂಗುಬಿಟ್ಟು ಹೋಗಬಾರದೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಊರಿಗೆ ಹೊರಡುವ ಹಿಂದಿನ ಶನಿವಾರ ಮಗ ಮತ್ತೆ ದೋಣಿ ಹೊರಡಿಸಿದ. ಸೆಕೆಂಡ್ ಹ್ಯಾಂಡ್ ಮೋಟರೊಂದನ್ನು ತಂದಿದ್ದ. ಅದನ್ನು ಡಿಕ್ಕಿಯಲ್ಲಿ, ನಾನು ಹಿಂದಿನ ಸಲ ಕಳಿಸಿಕೊಟ್ಟಿದ್ದ ಜಮಖಾನದ ಮೇಲೆ ಹಸುಗೂಸನ್ನು ಮಲಗಿಸುವಂತೆ ಮಲಗಿಸಿ, ಉರುಳದಂತೆ ಎರಡು ಬದಿಗೂ ದಿಂಬು ಒತ್ತರಿಸಿ, ಪಟ್ಟಿಯಿಂದ ಬಿಗಿದ. ಆಮೇಲೆ ನನ್ನನ್ನು ಕರೆದ. “ಅಮ್ಮ, ನೀನೊಂದು ಸಲ ನೋಡು.”

ಸುತ್ತು ಬಂದೆ. ಎಲ್ಲ ಪಟ್ಟಿಗಳನ್ನೂ ಎಳೆದೆ. ಬಿಗಿಯಾಗಿದ್ದವು. ಆದರೂ ನಾಲ್ಕು ಮೈಲಿ ಹೋದಮೇಲೆ ಒಂದು ಪೆಟ್ರೋಲ್ ಬಂಕ್ ಕಾಣಿಸಿದಾಗ, “ಇಲ್ಲಿ ನಿಲ್ಲಿಸೋ” ಎಂದೆ.

“ಈಗ ತಾನೇ ನೋಡಿದ್ಯಲ್ಲ!”

“ನಿಲ್ಲಿಸು.”

ಸೊಸೆ ನನಗಿಂತ ಮೊದಲೇ ಇಳಿದಳು. “ಅತ್ತೆ, ಇಲ್ಲಿ ಬನ್ನಿ” ಎಂದಳು. ದೋಣಿಯ ಹಿಂಬದಿಯ ಪಟ್ಟಿಯೊಳಗೆ ಅವಳ ಎರಡು ಬೆರಳು ಸಲೀಸಾಗಿ ತೂರಿದ್ದವು. ಹೊರೆ ಕುಸಿದು ಕೂತಿತ್ತು. ಮಗ ಏನೂ ಹೇಳದೆ ಬಂದು ಮತ್ತೆ ಬಿಗಿದ. ನಾನು ಅವನಿಗೆ ಅವನ ಅಜ್ಜನ ಮಜ್ಜಿಗೆಯ ಲೋಟದ ಕಥೆ ಹೇಳಿದ್ದು ಆಗ, ಆ ಬಂಕಿನ ಪಕ್ಕ ನಿಂತುಕೊಂಡೇ. ಅವನು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಅವರ ಬಗ್ಗೆ ನಾನು ಇಷ್ಟು ವರ್ಷ ಅವನಿಗೆ ಹೆಚ್ಚೇನೂ ಹೇಳಿರಲಿಲ್ಲವೆಂಬುದೂ ನನಗೆ ಆಗಲೇ ಹೊಳೆಯಿತು.

ಈಗ ಬೇಸಿಗೆಯ ವಾರಾಂತ್ಯಗಳಲ್ಲಿ, ಇಲ್ಲಿ ನಾನು ರಾತ್ರಿಯ ಅಡಿಗೆ ಮುಗಿಸುವ ಹೊತ್ತಿಗೆ ಅವನ ಫೋನು ಬರುತ್ತದೆ. ಅಲ್ಲಿ ಬೆಳಗಿನ ಹೊತ್ತು. ಯಾವುದೋ ಬಂಕಿನಲ್ಲಿ ನಿಂತಿರುತ್ತಾನೆ.

“ಅಮ್ಮ, ಕೆರೆಗೆ ಹೊರಟಿದ್ದೀವಿ.”

“ಹಗ್ಗ ಎಳೆದು ನೋಡಿದ್ಯೇನೋ?”

“ಅದಕ್ಕೇ ನಿಲ್ಲಿಸಿದ್ದು.”